ಹುಕ್ಕು ಹೊಲಿಯುತ್ತಿದ್ದ ಬೆರಳುಗಳು

ಹೋದ ತಿಂಗಳು ಅಂಗಡಿಗೆ ಒಂದು ಹಳೆಯ ಬ್ಲೌಸು ಬಂತು. ಕಡು ಹಸಿರು ಬಣ್ಣದ್ದು, ಬೆನ್ನಿನ ಕಡೆ ಹುಕ್ಕು. ಚೇಳೂರಿನ ಟೀಚರಮ್ಮನವರದು. ಅವರು ಗುಬ್ಬಿಯ ಶಾಲೆಯೊಂದರಲ್ಲಿ ಪಾಠ ಮಾಡುತ್ತಾರೆ. ಬಸ್ಸಿಳಿದು ಶಾಲೆಗೆ ಹೋಗುವ ದಾರಿಯಲ್ಲೇ ನನ್ನ ಟೈಲರ್ ಅಂಗಡಿ. ಪಕ್ಕ ಬಿಚ್ಚಿ ಸಡಿಲ ಮಾಡಬೇಕು ಅಂತ ನನ್ನ ಹೆಂಡತಿಯ ಕೈಗೆ ಕೊಟ್ಟು ಹೋಗಿದ್ದರು. ಬಿಚ್ಚೋಣ ಅಂತ ಮೇಜಿನ ಮೇಲೆ ಹರಡಿದಾಗ ಹುಕ್ಕುಗಳು ಕಣ್ಣಿಗೆ ಬಿದ್ದವು. ಒಂದೊಂದು ಹುಕ್ಕಿನ ಮೇಲೂ ತೆಳ್ಳಗೆ ಪೊರೆ, ಹಳದಿ ತಿರುಗಿದ್ದು. ಉಗುರಿನಿಂದ ಕೆರೆದರೆ ಹಕ್ಕಳೆಯ ಹಾಗೆ ಎದ್ದು ಬಂತು. ಬಣ್ಣವಿಲ್ಲದ ನೇಲ್ ಪಾಲಿಶ್.

ಹುಕ್ಕಿಗೆ ನೇಲ್ ಪಾಲಿಶ್ ಯಾರು ಹಚ್ಚುತ್ತಾರೆ ಅಂತ ಯೋಚಿಸುತ್ತಾ ಹೊಲಿಗೆ ನೋಡಿದೆ. ಅಲ್ಲಿಗೆ ಕೈ ನಿಂತಿತು. ಹುಕ್ಕಿನ ಬುಡದಲ್ಲಿ ಎರಡು ಕಣ್ಣು ಇರುತ್ತವೆ. ಎಲ್ಲರೂ ಆ ಕಣ್ಣುಗಳಿಗೆ ದಾರ ಹಾಕಿ, ಗಂಟು ಬಿಗಿದು ಬಿಟ್ಟುಬಿಡುತ್ತಾರೆ. ಇಲ್ಲಿ ಹುಕ್ಕಿನ ಕುತ್ತಿಗೆಗೂ ಒಂದು ಸುತ್ತು ದಾರ ಬಿದ್ದಿತ್ತು, ಗಂಟು ಬಟ್ಟೆಯ ಮಡಿಕೆಯೊಳಗೆ ಅಡಗಿತ್ತು. ಹಾಗೆ ಹೊಲಿಯುತ್ತಿದ್ದವಳು ನಾನು ಕಂಡಂತೆ ಒಬ್ಬಳೇ... ನನ್ನ ಅಕ್ಕ. ನಾವು ಆಪಾ ಅನ್ನುತ್ತೇವೆ.

ಆಪಾ ನನಗಿಂತ ತುಂಬಾ ದೊಡ್ಡವಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೀದಿಯೆಲ್ಲ ತಿರುಗಿದವಳು. ಅವಳನ್ನು ಕುಣಿಗಲ್ಲಿಗೆ ಕೊಟ್ಟಿದ್ದೆವು. ಮಕ್ಕಳಾಗುವ ಮೊದಲೇ ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದು ಗುಬ್ಬಿಗೆ ವಾಪಸ್ ಬಂದಳು. ಆ ಹೊತ್ತಿಗೆ ಅಬ್ಬಾ, ನಮ್ಮ ತಂದೆ, ತೀರಿಕೊಂಡಿದ್ದರು, ಅಂಗಡಿ ನನ್ನ ಕೈಗೆ ಬಂದಿತ್ತು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಮೆಷಿನ್ ಹತ್ತಿದವನು. ಮನೆಯಲ್ಲಿ ಆಡುವುದು ಉರ್ದು, ಬರೆಯಲು ಬರುವುದು ಕನ್ನಡ ಒಂದೇ. ಹಾಗಾಗಿ ಆಪಾ ಆಡಿದ್ದನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಬ್ಲೌಸು ಕತ್ತರಿಸುವುದು, ಹೊಲಿಯುವುದು ನನ್ನ ಕೆಲಸ. ಹುಕ್ಕು ಹಾಕುವುದು, ಅಂಚು ಮಡಿಚುವುದು ಕೈ ಕೆಲಸ. ಬೇರೆ ಟೈಲರುಗಳು ಅದನ್ನು ಹೊರಗೆ ಹೆಂಗಸರಿಗೆ ಕೊಡುತ್ತಾರೆ. ನನಗೆ ಆ ಗೋಳಿರಲಿಲ್ಲ. ಅಂಗಡಿಯ ಹಿಂದೆಯೇ ಮನೆ. ಬಾಗಿಲ ಪರದೆಯ ಆ ಕಡೆ ಆಪಾ ಚಾಪೆ ಹಾಸಿ ಕೂತಿರುತ್ತಿದ್ದಳು, ಮುಂದೆ ಹುಕ್ಕಿನ ಡಬ್ಬಿ. ಕೆಲವು ಹುಕ್ಕು ತುಟಿಯ ಮಧ್ಯೆ ಕಚ್ಚಿಕೊಂಡು, ಒಂದೊಂದೇ ತೆಗೆದು ಹೊಲಿಯುತ್ತಿದ್ದಳು. ಬಾಯಲ್ಲಿ ಹುಕ್ಕು ಇದ್ದಾಗಲೂ ಮಾತು ನಿಲ್ಲುತ್ತಿರಲಿಲ್ಲ. ನನ್ನನ್ನು ಮಾಸ್ಟರ್ ಅಂತ ಕರೆಯುತ್ತಿದ್ದಳು. ಟೈಲರಿಗೆ ಎಲ್ಲರೂ ಹಾಗೇ ಅನ್ನುತ್ತಾರೆ, ಆದರೆ ಅವಳ ಬಾಯಲ್ಲಿ ಅದು ಬೈಗುಳ. "ಏನ್ಲಾ ಮಾಸ್ಟರ್, ಇದೇನು ತೋಳೋ, ದಿಂಬಿನ ಕವರೋ?" ಗಿರಾಕಿಗಳ ಹೆಸರು ಅವಳಿಗೆ ಬೇಕಿರಲಿಲ್ಲ. ಅಳತೆಯಿಂದಲೇ ಕರೆಯುತ್ತಿದ್ದಳು. "ಮೂವತ್ತೆಂಟು ಬಂದ್ಲು ನೋಡು. ನಲವತ್ತಾಗವ್ಳೆ, ಒಪ್ಕೊಳ್ಳಲ್ಲ." ಪರದೆ ದಾಟಿ ಅದು ಹೊರಗೆ ಕೇಳಿಸಿದರೆ ಗಿರಾಕಿಗಳೇ ನಗುತ್ತಿದ್ದರು.

ಅವಳಿಗೆ ಹೆಸರು ಬಂದದ್ದು ಮಾತ್ರ ಹುಕ್ಕಿನಿಂದಲ್ಲ, ಮೆಹಂದಿಯಿಂದ. ನಮ್ಮ ಬೀದಿಯಲ್ಲಿ ಯಾವ ಮದುವೆಯಾದರೂ ಹುಡುಗಿಯ ಕೈಗೆ ಮೆಹಂದಿ ಆಪಾಳೇ ಹಾಕಬೇಕು. ರಂಜಾನ್ ಹಬ್ಬದ ಹಿಂದಿನ ಸಂಜೆ, ಚಂದ್ರ ಕಂಡ ಮೇಲೆ, ಮಕ್ಕಳೆಲ್ಲ ನಮ್ಮ ಕಟ್ಟೆಯ ಮೇಲೆ ಸಾಲಾಗಿ ಕೂರುತ್ತಿದ್ದರು. ಗಂಡ ಸತ್ತವಳು ಅಂತ ಯಾರೂ ಹಿಂಜರಿಯಲಿಲ್ಲ. ಅವಳು ಆ ಸಂಜೆಯಷ್ಟು ಸಂತೋಷವಾಗಿ ಇದ್ದದ್ದನ್ನು ನಾನು ಬೇರೆ ಯಾವಾಗಲೂ ನೋಡಿಲ್ಲ.

ಕೈ ಕೆಟ್ಟದ್ದು ಯಾವಾಗ ಶುರುವಾಯಿತೋ ಸರಿಯಾಗಿ ಹೇಳಲಾರೆ... ಮೊದಲು ಬಲಗೈ ಹೆಬ್ಬೆರಳು, ತೋರುಬೆರಳುಗಳ ತುದಿ. ಸಾಸಿವೆಯಂಥ ನೀರು ಗುಳ್ಳೆ, ವಿಪರೀತ ಕಡಿತ. ಕೆರೆದರೆ ಒಡೆದು ನೀರು ಬರುತ್ತಿತ್ತು, ಒಣಗಿದರೆ ಚರ್ಮ ಬಿರಿಯುತ್ತಿತ್ತು. ಆಮೇಲೆ ಅಂಗೈಗೆ ಹಬ್ಬಿತು. ಹುಕ್ಕು ಕಚ್ಚಿಕೊಳ್ಳುತ್ತಿದ್ದ ತುಟಿಯ ಅಂಚೂ ಕೆಂಪಾಯಿತು. ನಂಜು ಅಂದರು, ಬದನೆಕಾಯಿ ಬಿಡು ಅಂದರು. ಬಿಟ್ಟಳು. ಬೇವಿನ ಸೊಪ್ಪಿನ ನೀರು, ಕೊಬ್ಬರಿ ಎಣ್ಣೆ, ಅರಿಶಿನ ಎಲ್ಲ ಆಯಿತು. ಹುಣಸೆಹಣ್ಣು ಹಿಂಡುವಾಗ ಉರಿ ತಾಳಲಾರದೆ ಕೈ ಒದರುತ್ತಾ ಹಿತ್ತಲಿಗೆ ಓಡುತ್ತಿದ್ದಳು.

ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟಿನ ಮೆಷಿನ್ ಅವಳ ಬೆರಳನ್ನು ಹಿಡಿಯದೇ ಹೋಯಿತು. ಒರೆಸಿ ಒತ್ತಿದರೂ ಇಲ್ಲ, ಬೇರೆ ಬೆರಳು ಕೊಟ್ಟರೂ ಇಲ್ಲ. "ಆಪಾ, ನಿಮ್ಮ ಬೆರಳು ಬರ್ತಾ ಇಲ್ಲ" ಅಂದರಂತೆ ಅಂಗಡಿಯವರು. "ನಾನೇ ಬಂದಿದೀನಲ್ಲಪ್ಪ, ಬೆರಳು ಯಾಕೆ?" ಅಂದಳಂತೆ. ಮನೆಗೆ ಬಂದು ಅದನ್ನೇ ನಗುತ್ತಾ ಹೇಳಿದಳು. ಕೈ ಮಾತ್ರ ಸೆರಗಿನೊಳಗಿತ್ತು.

ಕೊನೆಗೆ ತುಮಕೂರಿನಲ್ಲಿ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೆಂಗಸು ಡಾಕ್ಟರು. ಕೈ ತಿರುಗಿಸಿ ನೋಡಿ, ಅವಳ ಬೆನ್ನಿಗೆ ಏನೇನೋ ಔಷಧಿ ಹಾಕಿದ ಪಟ್ಟಿ ಅಂಟಿಸಿ, ನೀರು ತಾಗಿಸಬೇಡಿ, ಎರಡು ದಿನ ಬಿಟ್ಟು ಬನ್ನಿ ಅಂದರು. ಮತ್ತೆ ಹೋದಾಗ ಪಟ್ಟಿ ಬಿಚ್ಚಿದರು. ಒಂದು ಜಾಗದಲ್ಲಿ ಮಾತ್ರ ಚರ್ಮ ಕೆಂಪಾಗಿ, ಊದಿ, ಸಣ್ಣ ಗುಳ್ಳೆ ಎದ್ದಿತ್ತು. ಆಪಾ ಪರದೆಯ ಹಿಂದೆ ಬಟ್ಟೆ ಸರಿ ಮಾಡಿಕೊಳ್ಳಲು ಹೋದಳು. ಹೊರಗೆ ಜನ ಕಾಯುತ್ತಿದ್ದರು. ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು.

"ನಿಕ್ಕಲ್ ಅಂತ ಒಂದು ಲೋಹ. ಹೊಳೀಲಿ ಅಂತ ಪಿನ್ನು, ಅಗ್ಗದ ಓಲೆ, ಹುಕ್ಕು ಎಲ್ಲಕ್ಕೂ ಅದರ ಲೇಪ ಕೊಟ್ಟಿರ್ತಾರೆ. ಇವರ ಮೈಗೆ ಅದು ಆಗಲ್ಲ. ಏನು ಕೆಲಸ ಮಾಡ್ತಾರೆ?"

"ಬ್ಲೌಸಿಗೆ ಹುಕ್ಕು ಹಾಕ್ತಾಳೆ ಮೇಡಂ."

"ಹಾಗಾದ್ರೆ ಅದನ್ನ ಬಿಡಿಸಿ. ಮುಲಾಮು ಕೊಡ್ತೀನಿ, ಆದ್ರೆ ಹುಕ್ಕು ಮುಟ್ತಾನೇ ಇದ್ರೆ ಮುಲಾಮು ಹಚ್ಚಿ ಏನೂ ಪ್ರಯೋಜನ ಇಲ್ಲ."

ಇನ್ನೂ ಹೇಳಿದರು. ಸೋಪಿನ ನೀರು ಗಾಯವನ್ನು ಹೆಚ್ಚು ಮಾಡುತ್ತದೆ, ಪಾತ್ರೆ ಬಟ್ಟೆ ಕಡಿಮೆ ಮಾಡಲಿ. ಅವರು ತೊಡುವ ಬಟ್ಟೆಯ ಹುಕ್ಕು, ಪಿನ್ನು ಬಿಡಲಾಗದಿದ್ದರೆ ಅದರ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ, ಲೋಹ ಮೈಗೆ ತಾಗುವುದು ಕಡಿಮೆಯಾಗುತ್ತದೆ, ಉದುರಿದಾಗ ಮತ್ತೆ ಹಚ್ಚಬೇಕು. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆ ಅಲ್ಲ, ಮನೆಯವರು ಹೆದರಬೇಕಾಗಿಲ್ಲ. ಅವರಿಗೆ ಎಲ್ಲ ಬಿಡಿಸಿ ಹೇಳಿ ಅಂದರು. ನಾನು "ಹೇಳ್ತೀನಿ ಮೇಡಂ" ಅಂದೆ.

ಅದು ರಂಜಾನ್ ಶುರುವಾಗುವ ಹೊತ್ತು. ಟೈಲರಿಗೆ ವರ್ಷದಲ್ಲಿ ಅದೊಂದು ತಿಂಗಳು. ಅಂಗಡಿಯ ಮೊಳೆಗಳಲ್ಲಿ ನೇತುಹಾಕಲು ಜಾಗವಿಲ್ಲದಷ್ಟು ಬಟ್ಟೆ. ಹುಕ್ಕು ಹಾಕುವ ಹೆಂಗಸರನ್ನೆಲ್ಲ ಬೇರೆ ಅಂಗಡಿಯವರು ಆಗಲೇ ಹಿಡಿದಿಟ್ಟುಕೊಂಡಿದ್ದರು. ಹಬ್ಬಕ್ಕೆ ಬಟ್ಟೆ ಕೊಡದಿದ್ದರೆ ಗಿರಾಕಿ ಮುಂದಿನ ವರ್ಷ ಬರುವುದಿಲ್ಲ. ಕ್ಲಿನಿಕ್ಕಿನ ಮೆಟ್ಟಿಲು ಇಳಿಯುವಾಗಲೇ ಇದೆಲ್ಲ ತಲೆಯಲ್ಲಿ ಓಡುತ್ತಿತ್ತು. ಬಸ್ಸಿನಲ್ಲಿ ಆಪಾ ಕೇಳಿದಳು, "ಏನಂದ್ರು?"

"ಸೋಪು ನೀರು ಮುಟ್ಟಬಾರದಂತೆ. ಪಾತ್ರೆ, ಬಟ್ಟೆ ಬೇಡ. ಮುಲಾಮು ಹಚ್ಚಬೇಕಂತೆ."

"ಅಷ್ಟೇನಾ?"

"ಅಷ್ಟೇ."

ನನ್ನ ಮುಖವನ್ನೇ ನೋಡಿದಳು. ಆಮೇಲೆ, "ಸರಿ ಬುಡು, ಹಾಗಾದ್ರೆ ನಾನು ರಾಣಿಯಾದೆ. ನಿನ್ನ ಹೆಂಡ್ತಿ ಪಾತ್ರೆ ತೊಳೀಲಿ" ಅಂದಳು. ಅವಳು ತಮಾಷೆ ಮಾಡಿದ್ದು ಕೇಳಿ ನನಗೆ ಎದೆ ಹಗುರವಾಯಿತು. ನಾನು ಹೇಳಿದ್ದರಲ್ಲಿ ಸುಳ್ಳು ಯಾವುದೂ ಇರಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಅರ್ಧ ಹೇಳಿದ್ದೆ. ಇನ್ನರ್ಧ ಹಬ್ಬ ಕಳೆದ ಮೇಲೆ ಹೇಳೋಣ ಅಂದುಕೊಂಡೆ.

ಮುಲಾಮು ಹಚ್ಚಿದಾಗ ಎರಡು ದಿನ ತಣ್ಣಗಾಗುತ್ತಿತ್ತು. ಮತ್ತೆ ಹುಕ್ಕಿನ ಡಬ್ಬಿ ಮುಂದೆ ಕೂತರೆ ಅದೇ ಕಥೆ. ನೋಡಲಾರದೆ, ಬಟ್ಟೆ ತರಲು ತುಮಕೂರಿಗೆ ಹೋದಾಗ ಒಂದು ಅಂಗುಸ್ತಾನ ತಂದುಕೊಟ್ಟೆ. ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕುವ ಲೋಹದ ಟೋಪಿ. ಅಂಗಡಿಯಲ್ಲಿದ್ದವುಗಳಲ್ಲೇ ಫಳಫಳ ಹೊಳೆಯುವುದನ್ನು ಆರಿಸಿದ್ದೆ. ಆಪಾ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು. ಒಮ್ಮೆ ತೊಟ್ಟಳು. "ಸಡಿಲ ಆಗುತ್ತೆ ಕಣೋ" ಅಂತ ತೆಗೆದು ಕಿಟಕಿಯಲ್ಲಿಟ್ಟಳು. ಆಮೇಲೆ ಲೈನಿಂಗ್ ಬಟ್ಟೆಯ ಚೂರುಗಳನ್ನು ಉದ್ದಕ್ಕೆ ಹರಿದು ಬೆರಳಿಗೆ ಸುತ್ತಿಕೊಂಡು ಹೊಲಿದಳು. ಬಟ್ಟೆ ಸುತ್ತಿದ ಬೆರಳಿಗೆ ಹುಕ್ಕು ಸಿಗುವುದಿಲ್ಲ. ಜಾರುತ್ತಿತ್ತು. ಬಿಚ್ಚುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು.

ಅದೇ ತಿಂಗಳು ಅವಳ ಹುಕ್ಕಿನ ಡಬ್ಬಿಯಲ್ಲಿ ಒಂದು ನೇಲ್ ಪಾಲಿಶ್ ಸೀಸೆ ಕಂಡೆ. ನಮ್ಮಲ್ಲಿ ನಮಾಜ್ ಮಾಡುವ ಹೆಂಗಸರು ಅದನ್ನು ಹಚ್ಚುವುದಿಲ್ಲ. ಉಗುರಿಗೆ ಬಣ್ಣ ಕೂತರೆ ನೀರು ತಾಗುವುದಿಲ್ಲ, ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವುಜೂ ಆಗುವುದಿಲ್ಲ. ಆಪಾ ಒಂದು ಹೊತ್ತಿನ ನಮಾಜ್ ಬಿಟ್ಟವಳಲ್ಲ. ಅದೂ ರೋಜಾ ಉಪವಾಸದ ತಿಂಗಳು. ಡಾಕ್ಟರು ಹೇಳಿದ ಮಾತು ನನಗೆ ಆ ಕ್ಷಣ ನೆನಪಾಗಲೇ ಇಲ್ಲ. ನೆನಪಾಗದಿರಲಿ ಅಂತ ನಾನೇ ಅದನ್ನು ದೂರ ಇಟ್ಟಿದ್ದೆನೋ ಏನೋ... "ಈ ವಯಸ್ಸಲ್ಲಿ ಇದೇನು ಆಪಾ ಶೋಕಿ? ಇಂಥ ಕೈ ಇಟ್ಕೊಂಡು?" ಅಂದೆ. ಇಂಥ ಕೈ ಅಂದದ್ದು ನಾನೇ. ಅವಳು ಸೀಸೆಯನ್ನು ನನ್ನ ಕೈಯಿಂದ ತೆಗೆದುಕೊಂಡು, "ಯಾವುದೋ ಹುಡುಗೀದು ಇರ್ಬೇಕು, ಮರೆತು ಹೋಗವ್ಳೆ" ಅಂದಳು.

ಹಬ್ಬದ ಹಿಂದಿನ ಸಂಜೆ ಚಂದ್ರ ಕಂಡ. ಪಟಾಕಿ ಸದ್ದಾಯಿತು. ನಾನು ಬಾಗಿಲಲ್ಲಿ ನಿಂತು ಕೊನೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದೆ. ಆಪಾ ಮೆಹಂದಿ ಕೋನು ಹಿಡಿದು ಕಟ್ಟೆಯ ಮೇಲೆ ಕೂತಿದ್ದಳು. ಬೆರಳಿಗೆ ಹೊಸ ಬಟ್ಟೆ ಚೂರು ಸುತ್ತಿದ್ದಳು, ನೀಟಾಗಿ. ಎದುರು ಮನೆಯ ಮಗು ಎಂದಿನಂತೆ ಓಡಿ ಬಂದು ಕೈ ಚಾಚಿತು. ಹಿಂದೆಯೇ ಅದರ ತಾಯಿ ಬಂದು ಮಗುವಿನ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ಈ ಸಲ ಬೇಡ ಆಪಾ. ಮೊದ್ಲು ನಿಮ್ಮ ಕೈ ವಾಸಿಯಾಗ್ಲಿ. ಇವಳಿಗೆ ಅಂಟಿಸೋ ಡಿಸೈನ್ ತಂದಿದೀನಿ."

ಮರ್ಯಾದೆಯಾಗಿಯೇ ಹೇಳಿದಳು. ಅದನ್ನು ನೋಡಿ ಬೇರೆ ತಾಯಂದಿರೂ ತಮ್ಮ ಮಕ್ಕಳ ಕೈ ಹಿಡಿದುಕೊಂಡರು. ಆಪಾ ಆಗ ನನ್ನ ಕಡೆ ತಿರುಗಿದಳು. ಇದು ಅಂಟುವುದಿಲ್ಲ ಅಂತ ಡಾಕ್ಟರು ನನಗೆ ಬಾಯಿಬಿಟ್ಟು ಹೇಳಿದ್ದರು. ನಾನು ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಅಂಟದಿದ್ದರೆ ಮತ್ತೆ ಯಾತರಿಂದ ಬಂತು ಅಂತ ಕೇಳುತ್ತಾರೆ. ಹುಕ್ಕಿನಿಂದ ಅನ್ನಬೇಕು. ಗೊತ್ತಿದ್ದೂ ಯಾಕೆ ಹೊಲಿಸಿದೆ ಅನ್ನುತ್ತಾರೆ. ಆಪಾಳೇ ಕೇಳುತ್ತಾಳೆ. ನಾನು ತಲೆ ಬಗ್ಗಿಸಿ ಇಸ್ತ್ರಿ ಪೆಟ್ಟಿಗೆ ಉಜ್ಜಿದೆ. ಕೆಂಡ ತಣ್ಣಗಾಗಿತ್ತು, ಸುಮ್ಮನೆ ಉಜ್ಜಿದೆ.

ಮಕ್ಕಳೆಲ್ಲ ಹೋದ ಮೇಲೆ ಆಪಾ ಕೋನಿನಲ್ಲಿದ್ದ ಮೆಹಂದಿಯನ್ನು ಹಳೆಯ ಪೇಪರಿನ ಮೇಲೆ ಬಿಡಿಸುತ್ತಾ ಕೂತಳು. ಬಳ್ಳಿ, ಹೂವು, ಮಾವಿನಕಾಯಿ... ಪೇಪರು ತುಂಬುವವರೆಗೂ ಬಿಡಿಸಿ, ಮಡಿಚಿ, ಒಲೆಗೆ ಹಾಕಿ ಒಳಗೆ ಹೋದಳು.

ಹಬ್ಬ ಕಳೆಯಿತು. ನಾನು ಹೇಳಲಿಲ್ಲ. ಆಮೇಲೆ ಮದುವೆಗಳ ಕಾಲ ಬಂತು, ಅದರ ಹಿಂದೆ ಶಾಲೆಯ ಯೂನಿಫಾರಂ. ಅಷ್ಟು ದಿನ ಕಳೆದ ಮೇಲೆ, ಡಾಕ್ಟರು ಅವತ್ತೇ ಹೀಗಂದಿದ್ದರು ಅಂತ ಯಾವ ಬಾಯಲ್ಲಿ ಹೇಳುವುದು? ಮನೆಯಲ್ಲೂ ಬದಲಾಯಿತು. ನನ್ನ ಹೆಂಡತಿ ಕೆಟ್ಟವಳಲ್ಲ. ಆದರೆ ಹಿಟ್ಟು ಕಲಸುವ ಹೊತ್ತಿಗೆ ಆಪಾಗಿಂತ ಮೊದಲೇ ಹೋಗಿ ಪರಾತದ ಮುಂದೆ ಕೂರತೊಡಗಿದಳು. ಆಪಾಳ ಲೋಟ ಬೇರೆ ಗೂಡಿಗೆ ಹೋಯಿತು. ಎಲ್ಲವನ್ನೂ ಆಪಾ ನೋಡುತ್ತಿದ್ದಳು, ನಾನೂ ನೋಡುತ್ತಿದ್ದೆ.

ಮುಂದಿನ ರಂಜಾನ್ ಬರುವ ಮೊದಲು, "ಕುಣಿಗಲ್‌ಗೆ ಹೋಗಿ ಬರ್ತೀನಿ, ನಾದಿನಿ ಕರೀತಾವ್ಳೆ" ಅಂದಳು. ಅದೇ ಟ್ರಂಕು ಹಿಡಿದಿದ್ದಳು. ಹೋಗಿ ಬರುವವರು ಟ್ರಂಕು ಒಯ್ಯುವುದಿಲ್ಲ ಅಂತ ನನಗೆ ಗೊತ್ತಿತ್ತು. ಬಸ್ಸಿಗೆ ಹತ್ತಿಸಿ ಬಂದೆ. "ಹುಕ್ಕಿಗೆ ಯಾರನ್ನಾದ್ರೂ ನೋಡ್ಕೋ ಮಾಸ್ಟರ್" ಅಂದಳು, ಕಿಟಕಿಯಿಂದ. ನೋಡಿಕೊಂಡೆ. ಕಷ್ಟವೇನೂ ಆಗಲಿಲ್ಲ. ಪಕ್ಕದ ಬೀದಿಯಲ್ಲೇ ಸಿಕ್ಕರು.

ಅವಳು ಮತ್ತೆ ಬರಲಿಲ್ಲ. ಫೋನಿನಲ್ಲಿ ಮಾತಾಡುತ್ತಿದ್ದಳು, ಬೈಯುತ್ತಿದ್ದಳು, ಕೈಯ ವಿಷಯ ಎತ್ತುತ್ತಿರಲಿಲ್ಲ. ನಾನೂ ಕೇಳುತ್ತಿರಲಿಲ್ಲ. ಕೆಲವು ವರ್ಷ ಬಿಟ್ಟು ಒಂದು ಬೆಳಿಗ್ಗೆ ಎದೆನೋವು ಅಂತ ಕೂತವಳು ಏಳಲಿಲ್ಲ. ಮಣ್ಣಿಗೆ ಹೋದಾಗ ಮುಖ ಒಂದನ್ನೇ ನೋಡಿದೆ. ಕೈಗಳು ಕಫನಿನ ಬಿಳಿ ಬಟ್ಟೆಯೊಳಗಿದ್ದವು. ಅವಳ ನಾದಿನಿ ಅಳುತ್ತಾ ಹೇಳಿದಳು, "ಇಲ್ಲಿಗೆ ಬಂದ್ಮೇಲೆ ಕೈ ಪೂರಾ ವಾಸಿಯಾಗಿತ್ತು. ಹೋದ ಹಬ್ಬಕ್ಕೆ ನಮ್ಮ ಬೀದಿ ಮಕ್ಕಳಿಗೆಲ್ಲ ಇವಳೇ ಮೆಹಂದಿ ಹಾಕಿದ್ದು. ಇಲ್ಲಿನ ನೀರು ಒಗ್ಗಿತು ಅನ್ಸುತ್ತೆ."

"ಹೌದು, ಕುಣಿಗಲ್ ನೀರು ಒಳ್ಳೇದು" ಅಂದೆ. ಅಲ್ಲಿಯೂ ಹೇಳಲಿಲ್ಲ.

ಆ ಹಸಿರು ಬ್ಲೌಸನ್ನು ತೆಗೆದುಕೊಂಡು ಹೋಗಲು ಟೀಚರಮ್ಮ ಬಂದಾಗ ನಾನೇ ಕೇಳಿದೆ, "ಇದಕ್ಕೆ ನೇಲ್ ಪಾಲಿಶ್ ಯಾರು ಹಚ್ಚಿದ್ದು ಮೇಡಂ?"

"ನಿಮ್ಮಕ್ಕನೇ ಅಲ್ವಾ? ಹುಕ್ಕು ಇದ್ದ ಕಡೆಯೆಲ್ಲ ನನಗೆ ಬೆನ್ನು ಕಡಿದು ಗಾಯ ಆಗ್ತಿತ್ತು. ಗಂಡಸರ ಹತ್ರ ಹೇಳೋದು ಹೆಂಗೆ ಅಂತ ಒಳಗೆ ಹೋಗಿ ಅವರಿಗೆ ಹೇಳ್ದೆ. ಈ ಲೋಹ ನಿಮಗೂ ಆಗಲ್ಲ ಅನ್ಸುತ್ತೆ, ನನಗೂ ಆಗಲ್ಲ ಅಂತ ಕೈ ತೋರಿಸಿದ್ರು. ಅವರೇ ಸೀಸೆ ತರಿಸಿ, ಹುಕ್ಕು ಹಾಕಿ, ಮೇಲೆ ಹಚ್ಚಿ ಕೊಟ್ರು."

ನಾನು ಬ್ಲೌಸು ಮಡಿಚುತ್ತಿದ್ದೆ. ಅವಳಿಗೆ ಹೇಗೆ ಗೊತ್ತಾಯಿತಂತೆ ಅಂತ ಕೇಳಿದೆ.

"ಡಾಕ್ಟರು ನಿಮಗೆ ಹೇಳುವಾಗ ಪರದೆ ಹಿಂದೇನೇ ಇದ್ರಂತಲ್ಲ. ಹಾಗಾದ್ರೆ ನೀವ್ಯಾಕೆ ಇನ್ನೂ ಹುಕ್ಕು ಮುಟ್ತೀರಿ ಆಪಾ ಅಂದೆ. ತಮ್ಮ ಇನ್ನೂ ನನಗೆ ಹೇಳಿಲ್ಲ, ಕೆಲಸ ಜಾಸ್ತಿ ಇದೆಯಲ್ಲ ಅಂದ್ರು. ಹಬ್ಬ ಕಳೀಲಿ, ಅವನೇ ಹೇಳ್ತಾನೆ ಅಂದ್ರು."

ಟೀಚರಮ್ಮನವರಿಗೆ ಇದರಲ್ಲಿ ದೊಡ್ಡ ವಿಷಯವೇನೂ ಕಾಣಿಸಿರಲಿಕ್ಕಿಲ್ಲ. ಈ ಬ್ಲೌಸಿಗೆ ಮತ್ತೆ ಹಚ್ಚಿ ಕೊಡ್ತೀರಾ, ಉದುರಿಹೋಗಿದೆ, ನಾಳೆ ಬರ್ತೀನಿ ಅಂದು ಬಸ್ಸಿಗೆ ಹೋದರು.

ಬಸ್ಸಿನಲ್ಲಿ "ಅಷ್ಟೇನಾ?" ಅಂತ ಕೇಳಿದಾಗ ಅವಳಿಗೆ ಎಲ್ಲ ಗೊತ್ತಿತ್ತು. ಅಂಗುಸ್ತಾನ ಅಂಗೈಯಲ್ಲಿಟ್ಟುಕೊಂಡು ನೋಡಿದಾಗಲೂ ಗೊತ್ತಿತ್ತು. ಕಟ್ಟೆಯ ಮೇಲಿಂದ ನನ್ನ ಕಡೆ ತಿರುಗಿದಾಗ, ಆ ತಾಯಂದಿರ ಮುಂದಾದರೂ ಹೇಳುತ್ತಾನೆ ಅಂತ ಕಾದಿದ್ದಳು. ಅವಳೇ ಕೇಳಬಹುದಿತ್ತು. ಹುಕ್ಕು ಬಾಯಲ್ಲಿಟ್ಟುಕೊಂಡೇ ಬೈಯುತ್ತಿದ್ದವಳು, ಇದೊಂದಕ್ಕೆ ಮಾತ್ರ ಬೈಯಲಿಲ್ಲ...

ಸಂಜೆ ಫ್ಯಾನ್ಸಿ ಸ್ಟೋರಿಗೆ ಹೋಗಿ ಬಣ್ಣವಿಲ್ಲದ ನೇಲ್ ಪಾಲಿಶ್ ತಂದೆ. ಮನೆಯೊಳಗೆ ಕೂತು ಒಂದೊಂದೇ ಹುಕ್ಕಿಗೆ ಹಚ್ಚಿದೆ. ಮನೆಯೆಲ್ಲ ಅದರ ಘಾಟು ತುಂಬಿತು. ಅಡುಗೆಮನೆಯಿಂದ ಹೆಂಡತಿ, "ಏನ್ರೀ ಅದು ವಾಸನೆ?" ಅಂದಳು. ಪರಾತದ ಮುಂದೆ ಕೂತು ಹಿಟ್ಟು ಕಲಸುತ್ತಿದ್ದಳು. ಅವಳ ಎದುರು ಹೋಗಿ ನಿಂತೆ.

"ಆಪಾ ಕೈಗೆ ಆಗಿದ್ದು ಅಂಟೋ ಕಾಯಿಲೆ ಅಲ್ಲ. ಹುಕ್ಕಿಂದ ಬಂದಿದ್ದು" ಅಂದೆ.

"ಯಾರು ಹೇಳಿದ್ದು?"

"ತುಮಕೂರಿನ ಡಾಕ್ಟರು."

"ಯಾವಾಗ?"

"ಆಗಲೇ."

ಅವಳ ಕೈ ಹಿಟ್ಟಿನಲ್ಲೇ ನಿಂತಿತು. ನನ್ನನ್ನು ನೋಡಿದಳು. ಆಮೇಲೆ ಗೋಡೆಯ ಗೂಡಿನ ಕಡೆ ನೋಡಿದಳು, ಆಪಾಳ ಲೋಟ ಬೇರೆಯಾಗಿ ಇರುತ್ತಿದ್ದ ಗೂಡು. ಈಗ ಅಲ್ಲಿ ಬೆಂಕಿಪೊಟ್ಟಣ, ಎಣ್ಣೆ ಸೀಸೆ ಇವೆ.

"ನನಗಾದ್ರೂ ಹೇಳ್ಬಾರ್ದಿತ್ತಾ" ಅಂದಳು. "ನಾನು ಆ ಲೋಟ..."

ಕೈಗೆ ಅಂಟಿದ ಹಿಟ್ಟನ್ನು ಬೆರಳು ಬೆರಳಿಂದ ಬಿಡಿಸುತ್ತಾ ಕೂತಳು. ನಾನು ಅಡುಗೆಮನೆಯಿಂದ ಈಚೆ ಬಂದು ಬ್ಲೌಸಿನ ಮುಂದೆ ಕೂತೆ. ನೇಲ್ ಪಾಲಿಶ್ ಒಣಗುವವರೆಗೂ ಬಟ್ಟೆ ಮಡಿಚುವ ಹಾಗಿಲ್ಲ.